ಏಳು ತಲೆಮಾರಿನ ಸಾರು

ನಮ್ಮ ಮನೆಯ ಅಡುಗೆ ಪರಂಪರೆಗೆ ನಾನು ಅಧಿಕೃತ ವಕ್ತಾರ. ಅಡುಗೆ ಮಾಡುವವರು ಬೇರೆ ಇದ್ದಾರೆ. ರಾಜಕೀಯ ಪಕ್ಷಗಳಲ್ಲಿ ಟಿವಿ ಮುಂದೆ ಕೂತು ಮಾತಾಡುವವನೊಬ್ಬ, ಬಿಸಿಲಲ್ಲಿ ಮನೆಮನೆ ಸುತ್ತುವವನು ಇನ್ನೊಬ್ಬ ಇರುತ್ತಾರಲ್ಲ, ನಮ್ಮಲ್ಲೂ ಅದೇ ವ್ಯವಸ್ಥೆ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತು, ಸಾರನ್ನವನ್ನು ಒಂದು ತುತ್ತು ಬಾಯಿಗಿಟ್ಟು, "ಪರವಾಗಿಲ್ಲ, ಆದರೆ ನಮ್ಮನೆ ಸಾರಿನ ಘಮ ಇದಕ್ಕಿಲ್ಲ. ಅದು ಏಳು ತಲೆಮಾರಿಂದ ಬಂದದ್ದು ನೋಡಿ" ಎಂದು ಪಕ್ಕದ ಎಲೆಯವರಿಗೆ ತಿಳಿಸುವುದು ನನ್ನ ಪಾಲಿನ ಕೆಲಸ. ಪಕ್ಕದವರು ಸಂಭಾವಿತರಾದರೆ ತಲೆಯಾಡಿಸುತ್ತಾರೆ. ಇಲ್ಲದಿದ್ದರೆ "ನಮ್ಮನೇದು ಒಂಬತ್ತು" ಎನ್ನುತ್ತಾರೆ. ಅಂಥವರ ಜೊತೆ ನಾನು ಮಾತು ಬೆಳೆಸುವುದಿಲ್ಲ, ಹಪ್ಪಳ ಮುರಿಯತೊಡಗುತ್ತೇನೆ.

ಈ ಹುದ್ದೆಗೆ ನನಗಿರುವ ಅರ್ಹತೆ ಏನು ಎಂದು ಹೆಂಡತಿ ಆಗಾಗ ಕೇಳುವುದುಂಟು. ಧಾರವಾಡದವಳು, ಪ್ರಶ್ನೆ ಸುತ್ತಿ ಬಳಸಿ ಬರುವುದಿಲ್ಲ. "ಅಲ್ರೀ, ಸಾಸಿವಿ ಡಬ್ಬಿ ಯಾವ್ದು, ರಾಗಿ ಡಬ್ಬಿ ಯಾವ್ದು ಗೊತ್ತಿಲ್ಲ, ಏಳು ತಲಿಮಾರಿಂದು ಏನ್ ಹೇಳ್ಕೋತ ಕೂತೀರಿ?" ಇದರ ಹಿಂದೆ ಒಂದು ಹಳೆಯ ಘಟನೆಯಿದೆ. ಅವಳು ಊರಿಗೆ ಹೋಗಿದ್ದಾಗ ನಾನು ಒಗ್ಗರಣೆಗೆ ಕೈ ಹಾಕಿದ್ದೆ. ಸಾಸಿವೆ ಎಷ್ಟು ಹೊತ್ತಾದರೂ ಚಟಪಟ ಎನ್ನಲಿಲ್ಲ. ಎಣ್ಣೆ ಕಾದಿಲ್ಲವೆಂದು ಉರಿ ಜಾಸ್ತಿ ಮಾಡಿದೆ. ಆಗಲೂ ಎನ್ನಲಿಲ್ಲ. ರಾಗಿ ಬಹಳ ಸಹನೆಯ ಧಾನ್ಯ.

ಆದರೆ ವಕ್ತಾರನಿಗೂ ಒಗ್ಗರಣೆಗೂ ಸಂಬಂಧವಿಲ್ಲ ಎಂಬುದು ನನ್ನ ನಿಲುವು. ಪರಂಪರೆ ಉಳಿಯಬೇಕಾದರೆ ಮಾಡುವವರಷ್ಟೇ ತಿನ್ನುವವರೂ ಬೇಕು. ಆ ಹೊಣೆಯನ್ನು ನಾನು ಒಂದು ಹೊತ್ತೂ ತಪ್ಪಿಸಿದವನಲ್ಲ.

ಹೀಗೆ ಬಾಯಿಮಾತಿನಲ್ಲೇ ನಡೆದುಹೋಗುತ್ತಿದ್ದ ವಿಷಯ ಕಾಗದಕ್ಕೆ ಬಂದದ್ದು ನನ್ನ ಅಕ್ಕನ ಮಗನಿಂದ. ಜರ್ಮನಿಯಲ್ಲಿದ್ದಾನೆ. ಅಲ್ಲಿಯ ಚಳಿಗೆ ಬೇಸತ್ತು ಒಂದು ದಿನ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ, "ಮಾಮ, ಅಜ್ಜಿ ಮನೆ ಸಾರಿನ ಪುಡಿ ಮಾಡೋದು ಹೇಗೆ?" ಎಂದು ಕೇಳಿದ. ಪ್ರಶ್ನೆ ನನ್ನ ಹೆಸರಿಗೇ ಬಂದದ್ದರಿಂದ ಉಬ್ಬಿಹೋಗಿ, ನಮ್ಮ ಮನೆತನ, ಅದರ ಅಡುಗೆಯ ಹಿರಿಮೆ, ಅನ್ನದಾನದ ಮಹತ್ವ, ಸಾರೆಂಬುದು ಹೇಗೆ ನಮ್ಮ ಸಂಸ್ಕೃತಿಯ ಸಾರ ಎಂಬುದನ್ನೆಲ್ಲ ಸೇರಿಸಿ ದೊಡ್ಡದೊಂದು ಉತ್ತರ ಬರೆದೆ. ಓದುವುದಕ್ಕೆ ಪರದೆಯನ್ನು ಹಲವು ಸಲ ಮೇಲೆ ತಳ್ಳಬೇಕು, ಅಷ್ಟು ಉದ್ದ. ಹುಡುಗ ಓದಿ ಉತ್ತರಿಸಿದ: "ಥ್ಯಾಂಕ್ಸ್ ಮಾಮ. ಕೊತ್ತಂಬರಿ ಎಷ್ಟು?"

ಗುಂಪಿನಲ್ಲಿ ಒಂದಷ್ಟು ನಗುವ ಮುಖಗಳು ಉದುರಿದವು. ಆಮೇಲೆ ಯಾರೋ ಒಬ್ಬರು, ಮನೆಯ ಅಡುಗೆಯೆಲ್ಲ ಸೇರಿಸಿ ಒಂದು ಸಣ್ಣ ಪುಸ್ತಕ ಮಾಡೋಣ, ತಂಗಿಯ ಮಗಳ ಮದುವೆಯಲ್ಲಿ ತಾಂಬೂಲದ ಜೊತೆ ಹಂಚೋಣ ಎಂದರು. ಸಂಪಾದಕ ಯಾರು ಎಂಬ ಪ್ರಶ್ನೆ ಏಳುವ ಮೊದಲೇ ನಾನು ಒಪ್ಪಿಕೊಂಡೆ.

ಪುಸ್ತಕಕ್ಕೆ ಮೊದಲು ಬೇಕಾದದ್ದು ಮುನ್ನುಡಿ. ಅಡುಗೆಗಳು ಆಮೇಲೆ ಹೇಗೂ ಬರುತ್ತವೆ. ಕನ್ನಡನಾಡಿನ ಪಾಕಶಾಸ್ತ್ರದ ಇತಿಹಾಸವನ್ನು ಒಂದಿಷ್ಟು ತಿರುವಿಹಾಕಿ ಅದರ ಬಾಲಕ್ಕೆ ನಮ್ಮ ಮನೆಯನ್ನು ಕಟ್ಟುವುದೆಂದು ಯೋಜನೆ. ಸಿಕ್ಕ ಸಾಮಗ್ರಿಗೇನೂ ಕೊರತೆಯಿರಲಿಲ್ಲ. 1025ರ ಹೊತ್ತಿಗೆ ಎರಡನೇ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಮಳೆಯ ಲಕ್ಷಣ, ಬಾವಿ ತೋಡುವ ಜಾಗ, ದನಕರುಗಳ ಮದ್ದು ಇವುಗಳ ನಡುವೆ ಅಡುಗೆಗೂ ಒಂದು ಜಾಗವಿದೆ. 16ನೇ ಶತಮಾನದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ'ವನ್ನು ಪೂರ್ತಿ ಷಟ್ಪದಿಯಲ್ಲೇ ಬರೆದ. ಬದನೆಕಾಯಿಯನ್ನು ಛಂದಸ್ಸಿಗೆ ಹೊಂದಿಸುವುದೇ ಕಷ್ಟ, ಹೊಂದಿಸಿದ ಮೇಲೆ ಬೇಯಿಸುವುದು ಇನ್ನೂ ಕಷ್ಟ, ಆತ ಎರಡನ್ನೂ ಹೇಳಿದ್ದಾನೆ. ಇವೆರಡಕ್ಕೂ ನಡುವೆ, 12ನೇ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'. ಅದರಲ್ಲಿ ರಾಜನ ಊಟಕ್ಕೇ ಒಂದು ಪ್ರಕರಣ. ಉದ್ದಿನ ಹಿಟ್ಟಿನಲ್ಲಿ ಮಾಡುವ, ನಮ್ಮ ಇಡ್ಲಿಯ ಮುತ್ತಜ್ಜಿ ಎನ್ನಬಹುದಾದ ತಿಂಡಿ ಅಲ್ಲಿದೆ ಎಂದು ತಿಳಿದಾಗ ನನಗೆ ಮೈ ನವಿರೆದ್ದಿತು. ಅದೇ ಪ್ರಕರಣದಲ್ಲಿ ಹೊಳೆದಂಡೆಯ ಕಪ್ಪು ಇಲಿಯನ್ನು ಹದವಾಗಿ ಸುಡುವ ಕ್ರಮವೂ ಇದೆ ಎಂದು ತಿಳಿದಾಗ ನವಿರು ಹಾಗೇ ನಿಂತಿತು.

ಅಮ್ಮನಿಗೆ ಓದಿ ಹೇಳಿದೆ. "ಇದೆಂತ ಮಾರಾಯ ಇಲಿ ಕಥೆ? ಮದುವೆ ಮನೇಲಿ ಹಂಚೋ ಪುಸ್ತಕ ಅಲ್ಲನಾ ಇದು?" ಎಂದರು. ಆ ಪುಟ ಹೋಯಿತು.

ಇನ್ನೊಂದು ಸಂಗತಿ ನನಗೆ ಧೈರ್ಯ ಕೊಟ್ಟಿತು. ಈ ಗ್ರಂಥಗಳನ್ನೆಲ್ಲ ಬರೆದವರು ಗಂಡಸರೇ. ಒಬ್ಬ ಚಕ್ರವರ್ತಿ, ಒಬ್ಬ ಸಾಮಂತ, ಒಬ್ಬ ಪಂಡಿತ. ಯಾರೂ ಹಿಟ್ಟು ರುಬ್ಬಿದವರಂತೆ ಕಾಣುವುದಿಲ್ಲ. ಪಾಕಕ್ಕೂ ನಾವು ಹೆಸರಿಟ್ಟಿರುವುದು ನಳ, ಭೀಮರದ್ದು. ದಮಯಂತಿ, ದ್ರೌಪದಿಯರು ಅಷ್ಟು ವರ್ಷ ಏನು ಮಾಡುತ್ತಿದ್ದರೋ ಯಾರೂ ಬರೆದಿಟ್ಟಿಲ್ಲ. ಹಾಗಾಗಿ ನಾನು ಒಂದು ದೊಡ್ಡ ಸಂಪ್ರದಾಯದಲ್ಲೇ ಇದ್ದೇನೆಂದು ಹೆಂಡತಿಗೆ ಹೇಳಿದೆ. "ಹೌದ್ರಿ, ಗ್ರಂಥ ಬರೀರಿ, ಆದ್ರ ಆ ತಾಟು ತೊಳದಿಟ್ಟು ಬರೀರಿ" ಎಂದಳು.

ಮುನ್ನುಡಿಯಲ್ಲಿ 'ಏಳು ತಲೆಮಾರು' ಎಂದು ಬರೆದ ಮೇಲೆ ಅದಕ್ಕೊಂದು ಸಾಕ್ಷಿ ಬೇಕಲ್ಲ ಎಂದು ಮೈಸೂರಿನ ಅತ್ತೆಗೆ ಫೋನು ಮಾಡಿದೆ. ಅಪ್ಪನ ತಂಗಿ. ಈಗ ಉಳಿದವರಲ್ಲಿ ಎಲ್ಲರಿಗಿಂತ ಹಿರಿಯರು. ಕಿವಿ ಸ್ವಲ್ಪ ಮಂದ, ನಾಲಗೆ ಹಾಗಲ್ಲ.

"ಯಾವ ಏಳು ತಲೆಮಾರೋ?" ಎಂದರು ಅತ್ತೆ. "ನಮ್ಮಮ್ಮ ಮದುವೆಯಾಗಿ ತಿಪಟೂರಿಂದ ಬಂದಾಗ ಅವಳಿಗೆ ಅನ್ನದ ಗಂಜಿ ಬಸಿಯೋಕೂ ಬರ್ತಿರಲಿಲ್ಲ. ಹೇಳಿಕೊಡೋಣ ಅಂದ್ರೆ ಮನೇಲಿ ಅತ್ತೆ ಅನ್ನೋರಿಲ್ಲ, ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಅಗ್ರಹಾರದ ವಠಾರದಲ್ಲಿ ಮೂರನೇ ಮನೇಲಿ ಒಬ್ಬರು ಪಾಟಿ ಇದ್ರು, ತಂಜಾವೂರು ಕಡೆಯೋರು. ಅವರು ಬಾವಿಕಟ್ಟೆ ಮೇಲೆ ಕೂರಿಸ್ಕೊಂಡು ಹೇಳಿಕೊಟ್ಟಿದ್ದು ಕಣೋ ಈ ಪುಡಿ."

"ಅದಕ್ಕೆ ಮುಂಚೆ ನಮ್ಮ ವಂಶದಲ್ಲಿ ಸಾರು ಹೇಗೆ ಮಾಡ್ತಿದ್ರು ಅತ್ತೆ?"

"ನಿಮ್ಮ ತಾತ, ಅವರ ತಮ್ಮ ಇಬ್ಬರೇ ಇದ್ದಿದ್ದು. ಮೆಣಸು ಜೀರಿಗೆ ಕುಟ್ಟಿ ಹುಣಿಸೆನೀರಿಗೆ ಹಾಕಿ ಕುದಿಸ್ಕೊಂಡು ಕುಡೀತಿದ್ರು. ಅದಕ್ಕೇ ಮದುವೆ ಫೋಟೋದಲ್ಲಿ ತಾತ ಅಷ್ಟು ಸಣ್ಣಗಿರೋದು."

ನಾನು ಸುಮ್ಮನಾದೆ. ಅತ್ತೆ ಸುಮ್ಮನಾಗಲಿಲ್ಲ. ಪಾಟಿಯ ಪುಡಿಗೆ ತೊಗರಿಬೇಳೆ, ಕಡಲೆಬೇಳೆ ಹುರಿದು ಸೇರಿಸುತ್ತಿದ್ದರಂತೆ. ಆಮೇಲೆ ಯುದ್ಧ ಬಂತು, ರೇಷನ್ ಬಂತು, ಬೇಳೆ ಸಿಗುವುದು ದುಸ್ತರವಾಯಿತು. ಅಜ್ಜಿ ಪುಡಿಯಿಂದ ಬೇಳೆ ಕೈಬಿಟ್ಟರು. ತಿಪಟೂರಿನ ತವರಿನಿಂದ ಕೊಬ್ಬರಿಗೆ ಮಾತ್ರ ಬರವಿರಲಿಲ್ಲ, ಚೀಲದಲ್ಲಿ ಬರುತ್ತಿತ್ತು. ಬೇಳೆ ಕೊಡುತ್ತಿದ್ದ ಮಂದವನ್ನು ಕೊಬ್ಬರಿ ಕೊಡಲಿ ಎಂದು ಸಾರು ಮಾಡುವಾಗ ಪುಡಿಯ ಜೊತೆ ಒಂದಿಷ್ಟು ಕೊಬ್ಬರಿ ರುಬ್ಬಿ ಹಾಕತೊಡಗಿದರು. ನಾನು ಮದುವೆಮನೆಗಳಲ್ಲಿ ವರ್ಣಿಸುತ್ತಿದ್ದ ಆ ಘಮ, ಆ ಮಂದ ಎಲ್ಲ ಇದೇ. ಅದೇ ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರಂತೆ. ಈಗ ರವೆ ಇಡ್ಲಿಯೂ ನಮ್ಮ ಪರಂಪರೆಯೇ. ಒಂದಿಷ್ಟು ಅಭಾವ, ಒಂದಿಷ್ಟು ತವರುಮನೆ, ಒಂದಿಷ್ಟು ಪಕ್ಕದ ಮನೆ ಸೇರಿದರೆ ಸಾಕು, ಎರಡು ತಲೆಮಾರಿನಲ್ಲಿ ಅದು ಏಳು ತಲೆಮಾರಿನದಾಗಿಬಿಡುತ್ತದೆ.

ಮುನ್ನುಡಿಯ ಏಳನ್ನು ಹೊಡೆದು ಮೂರು ಮಾಡಿದೆ. 'ಅನೂಚಾನವಾಗಿ ಬಂದ' ಎಂಬ ಮಾತನ್ನು ಉಳಿಸಿಕೊಂಡೆ. ಪಕ್ಕದ ಮನೆಯಿಂದ ಬಂದದ್ದೂ ಬಂದದ್ದೇ ತಾನೆ.

"ಹಾಗಾದ್ರೆ ನಮ್ಮಲ್ಲಿ ನಿಜವಾಗಿ ಹಳೇದು ಅಂತ ಯಾವುದೂ ಇಲ್ವಾ ಅತ್ತೆ?" ಎಂದು ಕೊನೆಯ ಆಸೆಯಿಂದ ಕೇಳಿದೆ.

"ಇದೆಯಲ್ಲ, ತಿಥಿ ಅಡುಗೆ."

ಇದು ನಾನು ಯೋಚಿಸದೇ ಇದ್ದ ವಿಷಯ. ಶ್ರಾದ್ಧದ ದಿನ ನಮ್ಮಲ್ಲಿ ಒಣಮೆಣಸಿನಕಾಯಿ, ಹಸಿಮೆಣಸಿನಕಾಯಿ ಎರಡೂ ಒಲೆಯ ಹತ್ತಿರ ಸುಳಿಯುವಂತಿಲ್ಲ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಎಲೆಕೋಸು, ನವಿಲುಕೋಸು, ಬೀನ್ಸ್ ಒಂದೂ ಇಲ್ಲ. ಖಾರಕ್ಕೆ ಕಾಳುಮೆಣಸು, ಪಲ್ಯಕ್ಕೆ ಬಾಳೆಕಾಯಿ, ಹಾಗಲಕಾಯಿ. ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದೇ 16ನೇ ಶತಮಾನದಲ್ಲಿ, ಅಮೆರಿಕದಿಂದ ಪೋರ್ಚುಗೀಸರ ಹಡಗು ಹತ್ತಿ. ಟೊಮೆಟೊ, ಆಲೂಗಡ್ಡೆ ಅದರ ಹಿಂದೆ ಬಂದವು. ಕೋಸುಗಳು ಯುರೋಪಿನವು. ಇವು ಬರುವುದಕ್ಕೆ ಮುಂಚೆ ಹೋದವರಿಗೆ ಇವುಗಳ ಪರಿಚಯವಿಲ್ಲ, ಆದ್ದರಿಂದ ಪಿತೃಗಳಿಗೆ ಇವನ್ನು ಬಡಿಸುವುದಿಲ್ಲ. ಪುರೋಹಿತರು ಬೇರೆ ಕಾರಣ ಹೇಳಬಹುದು, ನನಗೆ ಈ ಕಾರಣವೇ ಹಿಡಿಸುತ್ತದೆ. ಅಂದರೆ ನಮ್ಮ ಮನೆಯಲ್ಲಿ ಐನೂರು ವರ್ಷ ಹಿಂದಿನ ಊಟ ವರ್ಷಕ್ಕೊಮ್ಮೆ ತಪ್ಪದೆ ತಯಾರಾಗುತ್ತಿದೆ. ಪರಂಪರೆಯ ವಕ್ತಾರನಾದ ನಾನು ಆ ದಿನ ಏನು ಮಾಡುತ್ತೇನೆಂದರೆ, "ಸಾರು ಬಿಳಚಿಕೊಂಡಿದೆ, ಒಂದು ಟೊಮೆಟೊನಾದರೂ ಹಾಕಬಾರದಿತ್ತೇ" ಎಂದು ಗೊಣಗುತ್ತೇನೆ. ತಾರಸಿಯ ಮೇಲೆ ಕಾಗೆ ಮುಟ್ಟಿದ್ದರೂ ನಾನು ಮುಟ್ಟದ ಪಲ್ಯಗಳಿವೆ.

ಪುಸ್ತಕದ ಮೊದಲ ಅಡುಗೆಯಾಗಿ ನಾನು 'ನಮ್ಮ ಪೂರ್ವಜರ ನವಿಲುಕೋಸಿನ ಹುಳಿ' ಎಂದು ಬರೆದಿದ್ದೆ. ಅದನ್ನು ಕೊನೆಯ ಪುಟಗಳಿಗೆ ಸರಿಸಿದೆ. ಪೂರ್ವಜರನ್ನು ತೆಗೆದೆ.

ಇನ್ನು ಅಮ್ಮನ ಉಪ್ಪಿನಕಾಯಿ. ಅಮ್ಮ ತೀರ್ಥಹಳ್ಳಿ ಕಡೆಯವರು. ಮದುವೆಯಾಗಿ ಮೈಸೂರಿಗೆ ಬರುವಾಗ ಅಮ್ಮನ ಜೊತೆ ಮಾವಿನ ಮಿಡಿ ಉಪ್ಪಿನಕಾಯಿಯ ಒಂದು ಜಾಡಿಯೂ ಬಂತು. ಬೆಂಗಳೂರಿಗೆ ಬಂದ ಮೇಲೆ ಈಗಲೂ ಬೇಸಿಗೆ ಶುರುವಾದರೆ ಅಮ್ಮನ ಜೊತೆ ನಾನು ಚೀಲ ಹಿಡಿದು ಮಲ್ಲೇಶ್ವರಕ್ಕೆ ಹೋಗಬೇಕು. ಅಲ್ಲಿ ಮಿಡಿಯ ರಾಶಿ ಮುಂದೆ ಅಮ್ಮ ಕುಕ್ಕರಗಾಲಲ್ಲಿ ಕೂರುತ್ತಾರೆ. ಎಂಬತ್ತು ದಾಟಿದವರು ಬೇರೆಲ್ಲೂ ಹಾಗೆ ಕೂರುವುದಿಲ್ಲ. ಒಂದು ಮಿಡಿ ಎತ್ತಿ, ತೊಟ್ಟು ಚಿವುಟಿ, ಒಸರುವ ಸೊನೆಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚುತ್ತಾರೆ. ಅಪ್ಪೆಯ ಸೊನೆಗೆ ಬೇರೆಯದೇ ಪರಿಮಳ. ಆ ಪರಿಮಳವೇ ಉಪ್ಪಿನಲ್ಲಿ ಇಳಿದು ಜಾಡಿಯಲ್ಲಿ ವರ್ಷಗಟ್ಟಲೆ ನಿಲ್ಲಬೇಕು. ತೊಟ್ಟಿಲ್ಲದ್ದು ಬೇಡ, ಕೊಯ್ಯುವಾಗ ನೆಲಕ್ಕೆ ಬಿದ್ದು ಪೆಟ್ಟಾದದ್ದು ಬೇಡ. ಒಂದು ಪೆಟ್ಟಾದ ಮಿಡಿ ಇಡೀ ಜಾಡಿ ಕೆಡಿಸುತ್ತದೆ.

"ಅಮ್ಮಾ, ಒರಿಜಿನಲ್ ಸಾಗರದ್ದು" ಎನ್ನುತ್ತಾನೆ ಮಾರುವವನು.

"ಸಾಗರದ್ದು ಇರಬಹುದು, ಅಪ್ಪೆ ಅಲ್ಲ" ಎಂದು ಅಮ್ಮ ಏಳುತ್ತಾರೆ.

ಅಪ್ಪೆಮಿಡಿಗೆ ಸರ್ಕಾರದಿಂದ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಮ್ಮನ ಮೂಗಿಗೆ ಇನ್ನೂ ಸಿಕ್ಕಿಲ್ಲ. ಆಯ್ದ ಮಿಡಿಯನ್ನು ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕಿ ಮುಚ್ಚಿಟ್ಟರೆ ಕೆಲವು ವಾರಗಳಲ್ಲಿ ಮಿಡಿ ನೀರು ಬಿಟ್ಟು ಚಿರುಟಿಕೊಳ್ಳುತ್ತದೆ. ಆಮೇಲೆ ಆ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ ಖಾರ ರುಬ್ಬಿ ಸೇರಿಸಬೇಕು. ಈ ಎಲ್ಲ ಹಂತಗಳಲ್ಲಿ ನನ್ನ ಪಾತ್ರ ದೂರ ನಿಲ್ಲುವುದು. ನನ್ನ ಕೈಯಲ್ಲಿ ಸದಾ ಪಸೆ ಇರುತ್ತದೆ ಎಂದು ಅಮ್ಮನ ಅಭಿಪ್ರಾಯ.

ಈ ಜಾಡಿಗೂ ಅಜ್ಜಿಗೂ ಮೊದಮೊದಲು ಮಾತುಕತೆ ಇರಲಿಲ್ಲವಂತೆ. ಅಜ್ಜಿಯ ಪ್ರಕಾರ ಉಪ್ಪಿನಕಾಯಿ ಎಂದರೆ ಹೋಳು, ಎಣ್ಣೆ, ಇಂಗು. ಇಡೀ ಮಿಡಿಯನ್ನು ತೊಟ್ಟಿನ ಸಮೇತ ನೀರಲ್ಲಿ ಮುಳುಗಿಸುವುದು ಸೋಮಾರಿತನ. ಅಮ್ಮನ ತಂಬುಳಿಯ ಬಗ್ಗೆ ಇನ್ನೂ ಕಟುವಾದ ಟೀಕೆಯಿತ್ತು: "ಹಸಿ ಸೊಪ್ಪು ಅರೆದು ಮಜ್ಜಿಗೆಗೆ ಕದಡೋದಕ್ಕೂ ಅಡುಗೆ ಅಂತಾರಾ ನಿಮ್ಮ ಕಡೆ?" ಒಂದು ಬೇಸಿಗೆಯಲ್ಲಿ ತಾತನ ಬಾಯೆಲ್ಲ ಹುಣ್ಣಾಗಿ ಸಾರು ಇಳಿಯದಾಯಿತು. ಅಮ್ಮ ಹಿತ್ತಲ ನಲ್ಲಿಯ ಹತ್ತಿರ ಬೆಳೆದಿದ್ದ ಒಂದೆಲಗದ ಎಲೆ ಕಿತ್ತು, ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಸೇರಿಸಿ ಕೊಟ್ಟರು. ತಾತ ಮತ್ತೆ ಮತ್ತೆ ಹಾಕಿಸಿಕೊಂಡರು. ಅಜ್ಜಿ ತಾವಾಗಿ ತಂಬುಳಿ ಮಾಡಲಿಲ್ಲ, ಕೊನೆಯ ತನಕ. ಆದರೆ ಮುಂದಿನ ಬೇಸಿಗೆಯಲ್ಲಿ ಬಂದ ನೆಂಟರೆದುರು, "ಬೇಸಿಗೇಲಿ ತಂಬುಳಿ ಮಾಡೋದು ನಮ್ಮನೆ ಪದ್ಧತಿ" ಎಂದರಂತೆ.

ಇದನ್ನು ಅಮ್ಮನ ಬಾಯಿಂದ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಾರು ವಂಶದ್ದೋ ಅಲ್ಲವೋ, ವಕ್ತಾರಿಕೆ ಮಾತ್ರ ನಿಶ್ಚಯವಾಗಿ ವಂಶದ್ದು.

ಹೆಂಡತಿಯ ಅಧ್ಯಾಯ ಬರೆಯಲು ಕೂತಾಗ ಸ್ವಲ್ಪ ರಾಜತಾಂತ್ರಿಕ ಸಮಸ್ಯೆ ಎದುರಾಯಿತು. ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಎಣಗಾಯಿ ಇವು ಪ್ರತಿ ವಾರ ನಮ್ಮ ಮನೆಯಲ್ಲಿ ಆಗುತ್ತವೆ. ನಾನೇ ಅತಿಥಿಗಳಿಗೆ "ನಮ್ಮನೆ ಹಿಂಡಿ ರುಚಿ ನೋಡಿ" ಎಂದು ಬಡಿಸುತ್ತೇನೆ. ಆದರೆ ಪುಸ್ತಕದ ಹೆಸರು 'ನಮ್ಮ ವಂಶದ ಅಡುಗೆ'. ಇವನ್ನು 'ಅನುಬಂಧ'ದಲ್ಲಿ ಹಾಕೋಣವೇ ಎಂದು ಮೆಲ್ಲಗೆ ಕೇಳಿದೆ.

"ಹಾಕ್ರಿ, ಅನುಬಂಧದಾಗ ಹಾಕ್ರಿ" ಎಂದಳು, ಹಿಟ್ಟು ನಾದುತ್ತ. "ಆದ್ರ ಒಂದು ಹೇಳ್ತೀನಿ. ನಿಮ್ಮ ಸಾರಿನ ಬಣ್ಣ ನಮ್ಮ ಕಡೀದು. ಬ್ಯಾಡಗಿ ಮೆಣಸಿನಕಾಯಿ ಇಲ್ಲಾಂದ್ರ ನಿಮ್ಮ ಏಳು ತಲಿಮಾರು ಬರೇ ಕೆಸರನೀರು."

"ಬ್ಯಾಡಗಿ ಹಾವೇರಿ ಜಿಲ್ಲೆ, ಧಾರವಾಡ ಅಲ್ಲ" ಎಂದೆ. ವಕ್ತಾರನಾದವನಿಗೆ ಭೂಗೋಳ ಗೊತ್ತಿರಬೇಕು.

"1997ರ ತನಕ ಧಾರವಾಡ ಜಿಲ್ಲಾನೇ ಇತ್ತು. ನಾ ಹುಟ್ಟಿದ್ದು ಅದಕ್ಕಿಂತ ಮೊದಲ."

ಅಷ್ಟರಲ್ಲಿ ಮಗಳು ಮೊಬೈಲಿನಿಂದ ತಲೆಯೆತ್ತಿ, "ಅಪ್ಪ, ಇಂಗು ನಮ್ಮ ದೇಶದ್ದೇ ಅಲ್ಲ ಗೊತ್ತಾ?" ಎಂದಳು. ಇರಾನು, ಆಫ್ಘಾನಿಸ್ತಾನ ಕಡೆಯಿಂದ ಬರುವ ಅಂಟಂತೆ. ನಾವೇ ಬೆಳೆಯೋಣವೆಂದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದೇ 2020ರಲ್ಲಿ. ಬಣ್ಣ ಬ್ಯಾಡಗಿಯದು, ಕೊಬ್ಬರಿ ತಿಪಟೂರಿನದು, ಪುಡಿ ತಂಜಾವೂರಿನ ಪಾಟಿಯದು, ಇಂಗು ಕಾಬೂಲಿನದು. ನಾನು ಇಂಗು ತಿಂದ ಮಂಗನಂತೆ ಕೂತೆ. ನಮ್ಮ ವಂಶದ್ದು ಎಂದು ಉಳಿದದ್ದು ನೀರೊಂದೇ. ಅದೂ ಕಾವೇರಿ ನಾಲ್ಕನೇ ಹಂತ.

ಪುಡಿ ಮಾಡುವ ದಿನ ಬಂತು. ಜರ್ಮನಿಯವನಿಗೆ ಉತ್ತರ ಕೊಡಬೇಕಾದರೆ ಅಳತೆ ಬೇಕು, ಅಳತೆ ಬೇಕಾದರೆ ಅಮ್ಮ ಮಾಡುವಾಗ ತೂಗಬೇಕು. ಸೇರು ಪಾವುಗಳನ್ನು ತೆಗೆದುಹಾಕಿದ 1956ರ ಕಾಯ್ದೆ ನಮ್ಮ ಅಡುಗೆಮನೆಗೆ ಇನ್ನೂ ತಲುಪಿಲ್ಲ. ಮಗಳು ಬ್ಯಾಟರಿ ತಕ್ಕಡಿ ತಂದು ತನ್ನ ಅಜ್ಜಿಯ ಪಕ್ಕ ಕೂತಳು. ಅಮ್ಮ ಹಿಡಿಯಲ್ಲಿ ಕೊತ್ತಂಬರಿ ಬೀಜ ತೆಗೆದು ಬಾಣಲೆಗೆ ಹಾಕುವ ಮೊದಲು ತಕ್ಕಡಿಗೆ ಸುರಿಯಬೇಕು. ಅಮ್ಮನಿಗೆ ಇದೊಂದು ಆಟ. ಪ್ರತಿ ಹಿಡಿಯೂ ಒಂದೆರಡು ಗ್ರಾಂ ಆಚೀಚೆ, ಅಷ್ಟೆ. ಮಗಳು ಬೆರಗಾದಳು. ನಾನೂ ಒಂದು ಹಿಡಿ ಸುರಿದು ನೋಡಿದೆ. ಸ್ವಲ್ಪ ತಕ್ಕಡಿಯ ಮೇಲೆ, ಉಳಿದದ್ದು ನೆಲದ ಮೇಲೆ. "ನೀನು ಹೊರಗೆ ಕೂತ್ಕೋ ಮಾರಾಯ" ಎಂದರು ಅಮ್ಮ.

ಹೊರಗೆ ಕೂರುವಂತಿರಲಿಲ್ಲ. ಅಷ್ಟರಲ್ಲಿ ಬ್ಯಾಡಗಿ ಬಾಣಲೆಗೆ ಬಿದ್ದಿತ್ತು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಒಂದಿಷ್ಟು ಗುಂಟೂರು. ಘಾಟು ಹಜಾರ ದಾಟಿ, ಬಾಗಿಲ ಸಂದಿನಿಂದ ನುಸುಳಿ, ಲಿಫ್ಟಿನ ಬಾವಿಗಿಳಿದು ಒಂದೊಂದೇ ಮಹಡಿ ಹತ್ತಿತು. ಮೇಲಿನ ಮನೆಯಲ್ಲಿ ಆನ್‌ಲೈನ್ ಮೀಟಿಂಗಿನಲ್ಲಿದ್ದ ಹುಡುಗ ಕೆಮ್ಮುವುದು ನಮಗೆ ಕೇಳಿಸಿತು. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ "ಯಾರ ಮನೆಯಲ್ಲಾದರೂ ವೈರು ಸುಡುತ್ತಿದೆಯೇ?" ಎಂಬ ಪ್ರಶ್ನೆ ಬಂತು. ನಾನು ಉತ್ತರಿಸಲಿಲ್ಲ. ಒಳಗೆ ಅಮ್ಮ ಮೆಂತ್ಯದ ಮುಂದೆ ಬಗ್ಗಿ ನಿಂತಿದ್ದರು. ಮೆಂತ್ಯ ಕೆಂಪಗಾಗಬೇಕು, ಕಪ್ಪಗಾಗಬಾರದು. ಕಪ್ಪಾದರೆ ವರ್ಷವಿಡೀ ಸಾರು ಕಹಿ. ಹೆಂಡತಿ ಸೌಟು ಹಿಡಿದಿದ್ದಳು, ಮಗಳು ವಿಡಿಯೊ ಹಿಡಿದಿದ್ದಳು. "ಅತ್ತೀ, ಸಾಕೇನ್ರಿ?" "ಇನ್ನೊಂಚೂರು." "ಈಗ?" "ತೆಗಿ, ತೆಗಿ, ತೆಗಿ!" ಈ ಮೂರು 'ತೆಗಿ'ಗಳನ್ನು ಪುಸ್ತಕದಲ್ಲಿ ಹೇಗೆ ಬರೆಯುವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹುರಿದದ್ದನ್ನು ಗಿರಣಿಗೆ ಹೊರುವುದು ನನ್ನ ಕೆಲಸ. ಹೊರಡುವಾಗ ಅಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು: "ರಾಗಿ, ಗೋಧಿ ಹಾಕಿದ ಮೇಲೆ ನಮ್ಮದು ಹಾಕಿಸಬೇಡ. ಯಾರಾದ್ರೂ ಪುಡಿ ಹಾಕಿಸಿದ್ರೆ ಅವರ ಹಿಂದೆ ನಿಂತ್ಕೋ." ಗಿರಣಿಯ ಕಲ್ಲಿನಲ್ಲಿ ಹಿಂದಿನವರದ್ದು ಒಂದಿಷ್ಟು ಉಳಿದೇ ಇರುತ್ತದೆ, ಅದು ಮುಂದಿನವರ ಡಬ್ಬಿಗೆ ಬೀಳುತ್ತದೆ. ಗಿರಣಿಯಲ್ಲಿ ಉದ್ದ ಸಾಲು. ರಾಗಿಯವರನ್ನು ಮುಂದೆ ಬಿಟ್ಟೆ, ಗೋಧಿಯವರನ್ನು ಬಿಟ್ಟೆ. ಕೊನೆಗೆ ಕೆಂಪು ಪುಡಿ ಹಾಕಿಸುತ್ತಿದ್ದ 'ಸಾಯಬ್ರ' ಹಿಂದೆ ನಿಂತೆ. ನಮ್ಮ ಡಬ್ಬಿ ಸುರಿಯುವ ಹೊತ್ತಿಗೆ ಗಿರಣಿಯವನು ಕೇಳಿದ: "ಸಾರ್, ಅವರದ್ದು ಬಿರಿಯಾನಿ ಮಸಾಲೆ. ಚಕ್ಕೆ ಲವಂಗ ಎಲ್ಲ ಇತ್ತು. ಪರವಾಗಿಲ್ವಾ?" ಹಿಂದೆ ನೋಡಿದೆ. ಎರಡು ರಾಗಿ, ಒಂದು ಕಡಲೆಹಿಟ್ಟು. "ಹಾಕಪ್ಪ" ಎಂದೆ.

ಈ ವಿಷಯ ನಾನು ಮನೆಯಲ್ಲಿ ಹೇಳಲಿಲ್ಲ. ಮರುದಿನ ಹೊಸ ಪುಡಿಯ ಸಾರು. ಅಮ್ಮ ಎರಡು ಸಲ ಮೂಸಿ ನೋಡಿ ತಲೆಯೆತ್ತಿದರು. ನನ್ನ ಎದೆ ಡವಡವ ಎಂದಿತು. "ಈ ಸಲದ್ದಕ್ಕೆ ಎಂತದೋ ಒಂದು ಪರಿಮಳ ಉಂಟು. ಲಾಯ್ಕಾಗಿದೆ" ಎಂದರು. ಹೆಂಡತಿಯೂ ಹೌದೆಂದಳು. ಆ ಡಬ್ಬಿ ಮುಗಿದ ಮೇಲೆ ಆ ಪರಿಮಳ ಹೋಯಿತೆಂದು ಇಬ್ಬರೂ ಪೇಚಾಡಿದರು. ಒಂದೊಂದೇ ಸಾಮಾನು ಹಾಕಿ ನೋಡಿದ ಹೆಂಡತಿ ಕಡೆಗೆ ಪತ್ತೆಹಚ್ಚಿದಳು. ಈಗ ನಮ್ಮ ಸಾರಿನ ಪುಡಿಗೆ ಒಂದು ಸಣ್ಣ ಚಕ್ಕೆ ಬೀಳುತ್ತದೆ. ಮಗಳ ಪಟ್ಟಿಯಲ್ಲೂ ಸೇರಿದೆ: ಕೊತ್ತಂಬರಿ ಬೀಜ ಅರ್ಧ ಕಿಲೋ, ಬ್ಯಾಡಗಿ ಮತ್ತು ಗುಂಟೂರು ಸೇರಿ ಅರ್ಧ ಕಿಲೋ, ಜೀರಿಗೆ, ಮೆಣಸು ತಲಾ 100 ಗ್ರಾಂ, ಮೆಂತ್ಯ, ಸಾಸಿವೆ ತಲಾ 50 ಗ್ರಾಂ, ಕರಿಬೇವು, ಅರಿಸಿನ, ಇಂಗು, ಚಕ್ಕೆ ಒಂದು ಚೂರು. ನಮ್ಮ ವಂಶದಲ್ಲಿ ಸಾರಿನ ಪುಡಿಗೆ ಏನನ್ನಾದರೂ ಕೊಟ್ಟ ಮೊದಲ ಗಂಡಸು ನಾನು. ಸಾಲಿನಲ್ಲಿ ನಿಂತು ಕೊಟ್ಟೆ.

ಪುಸ್ತಕ ಮದುವೆಯಲ್ಲಿ ಹಂಚಿಕೆಯಾಯಿತು. ಮಗಳು ಮುನ್ನುಡಿಯನ್ನು ಕೊನೆಗೆ ಹಾಕಿ, ಪ್ರತಿ ಅಡುಗೆಯ ಕೆಳಗೆ ಅದು ಯಾವ ಹೆಣ್ಣುಮಗಳ ಜೊತೆ ಯಾವ ಊರಿಂದ ಬಂತೆಂದು ಬರೆದಳು. ಬಾವಿಕಟ್ಟೆಯ ಪಾಟಿಯ ಹೆಸರು ಅತ್ತೆಗೂ ನೆನಪಿರಲಿಲ್ಲ, 'ಮೂರನೇ ಮನೆ ಪಾಟಿ' ಎಂದೇ ಅಚ್ಚಾಗಿದೆ. ಊಟದ ಸಾಲಿನಲ್ಲಿ ನನ್ನ ಪಕ್ಕದ ಎಲೆಯವರು ಅದನ್ನು ತಿರುವಿಹಾಕಿ, "ಎಷ್ಟು ತಲೆಮಾರಿನದು ಸಾರ್?" ಎಂದು ಕೇಳಿದರು. ಏಳು ಎಂದೆ. ಮಾತು ಬಿಡುವುದು ಅಷ್ಟು ಸುಲಭವಲ್ಲ.

ಪುಡಿ ಮಾಡಿಸುವ ಯೋಚನೆಯಿರುವ ಗಂಡಸರಲ್ಲಿ ಒಂದು ವಿನಂತಿ. ಗಿರಣಿಗೆ ಬೆಳಗ್ಗೆ ಬೇಗ ಹೋಗಿ. ಬಿಳಿ ಅಂಗಿ ಬೇಡ. ರಾಗಿಯವರ ಹಿಂದೆ ಯಾವ ಕಾರಣಕ್ಕೂ ನಿಲ್ಲಬೇಡಿ. ಮನೆಗೆ ತಂದ ಪುಡಿಯನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಪೂರ್ತಿ ಆರುವ ತನಕ ಡಬ್ಬಿಗೆ ತುಂಬಬೇಡಿ, ಬಿಸಿಯಲ್ಲೇ ಮುಚ್ಚಿದರೆ ಬೆವರಿ ಗಂಟುಕಟ್ಟುತ್ತದೆ. ನಿಮ್ಮ ಮುಂದೆ ಬಿರಿಯಾನಿ ಮಸಾಲೆಯವರಿದ್ದರೆ ಧಾರಾಳವಾಗಿ ನಿಲ್ಲಿ.